ಮೇಲಿನ ಬೀದಿಯ ನೀರು

ಎರಡೂ ಬೀದಿಯ ಲೆಕ್ಕ ಒಂದೇ ಬಂದಾಗ ಹುಡುಗಿಗೆ ಮೊದಲು ಅನುಮಾನ ಹುಟ್ಟಿದ್ದು ತನ್ನ ಮೇಲೆಯೇ. ಸಾರ್ವಜನಿಕ ಆರೋಗ್ಯದ ಪದವಿಯಲ್ಲಿ ಅವಳದು ಕೊನೆಯ ವರ್ಷ. ಆರೋಗ್ಯ ಕಚೇರಿಯವರು ಚೀಟಿ ಎತ್ತಿ, ಮೇಲಿನ ಬೀದಿಯ ಇಪ್ಪತ್ತು ಮನೆಗಳಿಗೆ ನೀರಿನ ಫಿಲ್ಟರ್ ಕೊಟ್ಟಿದ್ದರು. ಹೋಲಿಸಿ ನೋಡಲೆಂದು ಕೆಳಗಿನ ಬೀದಿಯ ಇಪ್ಪತ್ತಕ್ಕೆ ಕೊಟ್ಟಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡೂ ಕಡೆ ಹೋಗಿ, ಎಷ್ಟು ಮಕ್ಕಳಿಗೆ ಭೇದಿಯಾಯಿತೆಂದು ಬರೆದುಕೊಳ್ಳುವುದು ಅವಳ ಕೆಲಸ. ಆರು ತಿಂಗಳಲ್ಲಿ ಮೇಲೆ ಒಂಬತ್ತಿದ್ದದ್ದು ಮೂರಕ್ಕೆ ಇಳಿದಿತ್ತು. ಅದು ಸರಿ. ಆದರೆ ಕೆಳಗೂ ಹತ್ತಿದ್ದದ್ದು ಮೂರಕ್ಕೇ ಇಳಿದಿತ್ತು. ತಾನು ಮತ್ತೆ ಕೂಡಿದಳು, ಗೆಳತಿಯಿಂದ ಕೂಡಿಸಿದಳು. ಮೂರು ಮೂರೇ.

ಕಾಲೇಜಿನ ಮೇಷ್ಟ್ರು ಹಾಳೆ ನೋಡಿ, ಮಳೆಗಾಲ ಮುಗಿಯಿತಲ್ಲ, ಅದಕ್ಕೇ ಇಳಿದಿದೆ, ಫಿಲ್ಟರಿನದೇನೂ ಇಲ್ಲ ಎಂದರು. ಸೋಮವಾರ ವರದಿಯಲ್ಲಿ ಹಾಗೆಯೇ ಬರೆದರೆ, ಆರೋಗ್ಯ ಕಚೇರಿಯವರು ಕೆಳಗಿನ ಬೀದಿಗೆ ಫಿಲ್ಟರ್ ಕೊಡುವುದು ಹಾಗಿರಲಿ, ಮೇಲಿನವನ್ನೂ ಹೊತ್ತುಕೊಂಡು ಹೋಗುತ್ತಿದ್ದರು.

ಕೆಳಗಿನ ಬೀದಿಯಲ್ಲೇ ಅವಳ ಚಿಕ್ಕಮ್ಮನ ಮನೆ. ಶುಕ್ರವಾರ ಅಲ್ಲಿ ಊಟಕ್ಕೆ ಕೂತವಳು ಈ ಲೆಕ್ಕದ ಗೋಳನ್ನೇ ತೋಡಿಕೊಂಡಳು. ಚಿಕ್ಕಮ್ಮ ಲೋಟ ಮುಂದಿಟ್ಟು, "ಮೊದಲು ನೀರು ಕುಡಿ. ಟೈಲರಕ್ಕನ ಮನೇದು" ಎಂದರು.

ಟೈಲರಕ್ಕನ ಮನೆ ಇದ್ದದ್ದು ಮೇಲಿನ ಬೀದಿಯಲ್ಲಿ.

"ಯಾವಾಗಿಂದ ತರ್ತಿದ್ದೀಯ?"

"ಫಿಲ್ಟರ್ ಬಂದಾಗಿಂದ. ಮೊಮ್ಮಗು ಇರೋ ಮನೆ ಅಂತ ಅವಳೇ ಕರೆದು ಕೊಟ್ಳು."

"ಪ್ರತಿ ಸಲ ಕೇಳಿದಾಗ ಹೇಳಲೇ ಇಲ್ವಲ್ಲ ಚಿಕ್ಕಮ್ಮ?"

"ನೀನು ಫಿಲ್ಟರ್ ಇದೆಯಾ ಅಂತ ಕೇಳ್ದೆ, ನಾನು ಇಲ್ಲ ಅಂದೆ. ಯಾರ ಮನೆ ನೀರು ಅಂತ ಯಾವತ್ತು ಕೇಳಿದ್ದೆ ಹೇಳು."

ನೀರು ಹಂಚುವುದಿಲ್ಲವೆಂದು ಟೈಲರಕ್ಕ ರುಜು ಹಾಕಿದ್ದಳು. ಹಾಕಿಸಿದವಳು ಈ ಹುಡುಗಿಯೇ. ಮಾತು ತಪ್ಪಿದ ಮನೆಯ ಫಿಲ್ಟರ್ ವಾಪಸು ಎಂದು ಅದೇ ಕಾಗದದಲ್ಲಿತ್ತು. ಅವಳ ಹೆಸರು ಬರೆಯಬೇಡವೆಂದು ಚಿಕ್ಕಮ್ಮ ತನ್ನ ಮೇಲೆ ಆಣೆ ಹಾಕಿದರು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಂದು ದಾರಿ ಹೊಳೆಯಿತು. ನಲ್ಲಿ ನೀರನ್ನೇ ಕುಡಿಯುವ ನಾಲ್ಕಾರು ಮನೆ ಕೆಳಗೆ ಸಿಕ್ಕರೂ ಸಾಕು, ಹೋಲಿಸಬಹುದು. ಶನಿವಾರ ಬೆಳಿಗ್ಗೆ ಕೆಳಗಿನ ಇಪ್ಪತ್ತೂ ಬಾಗಿಲು ತಟ್ಟಿದಳು. ಕೆಲವರು ನಕ್ಕರು, ಕೆಲವರು ಮಾತು ತೇಲಿಸಿದರು. ನಲ್ಲಿ ನೀರು ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಮೇಲಿನ ಬೀದಿಗೆ ಹತ್ತಿದರೆ, ಒಂದೊಂದು ಬಾಗಿಲಲ್ಲೂ ಕೆಳಗಿನವರ ಕೊಡ. ಟೈಲರಕ್ಕನ ಬಾಗಿಲಲ್ಲಿ ಕೊಡ ಸೊಂಟದಲ್ಲಿಟ್ಟುಕೊಂಡೇ ಒಬ್ಬಾಕೆ, ತಾನು ರವಿಕೆ ಅಳತೆಗೆ ಬಂದದ್ದೆಂದಳು.

"ಕೊಡಕ್ಕೂ ರವಿಕೆ ಹೊಲಿಸ್ತಾಳಂತೆ," ಎಂದಳು ಟೈಲರಕ್ಕ ಮಿಷನ್ನಿನಿಂದ ತಲೆ ಎತ್ತದೆ. ಆಮೇಲೆ ಹುಡುಗಿಯ ಕಡೆ ತಿರುಗಿ, "ರುಜು ಹಾಕಿದ್ದು ನಿಜ ಕಣಮ್ಮ. ಆದ್ರೆ ಮಗೂಗೆ ಅಂತ ನೀರು ಕೇಳಿದ್ರೆ ಇಲ್ಲ ಅನ್ನೋದು ಹೇಗೆ? ಅದನ್ನ ನಿಮ್ಮ ಕಾಲೇಜಲ್ಲಿ ಹೇಳ್ಕೊಡ್ತಾರಾ?"

ಹೇಳಿಕೊಟ್ಟಿರಲಿಲ್ಲ. ಫಿಲ್ಟರಿನಿಂದ ಇಳಿಯಿತೋ, ಮಳೆ ನಿಂತದ್ದಕ್ಕೋ? ಎರಡೂ ಇರಬಹುದು. ಇಪ್ಪತ್ತು ಫಿಲ್ಟರಿನ ನೀರು ನಲವತ್ತು ಮನೆಗೆ ಸಾಲುತ್ತಿತ್ತೇ? ಅದೂ ಗೊತ್ತಿಲ್ಲ. ಯೋಚಿಸಿದಷ್ಟೂ ತಲೆ ಮೊಸರು ಗಡಿಗೆಯಾಯಿತು.

ಸೋಮವಾರ ಮೇಷ್ಟ್ರು ವರದಿಯ ಕೊನೆಯ ಪುಟ ಎರಡು ಸಲ ಓದಿದರು. 'ಕೆಳಗಿನ ಬೀದಿಯಲ್ಲಿ ಬರೀ ನಲ್ಲಿ ನೀರು ಕುಡಿದ ಮನೆ ಒಂದೂ ಸಿಗಲಿಲ್ಲ. ಆದ್ದರಿಂದ ಹೋಲಿಸಲು ಬರುವುದಿಲ್ಲ. ಫಿಲ್ಟರಿನಿಂದ ಉಪಯೋಗವಾಯಿತೋ ಇಲ್ಲವೋ ತಿಳಿಯದು. ತಿಳಿಯುವವರೆಗೆ ತೆಗೆಯಬಾರದು.'

"ಮೂರು ವರ್ಷ ಓದಿ ತಿಳಿಯದು ಅಂತ ಬರೆದಿದ್ದೀಯಲ್ಲಮ್ಮ," ಎಂದರು. ಅವರ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ಅದೂ ಅವಳಿಗೆ ತಿಳಿಯಲಿಲ್ಲ. "ಇರಲಿ. ನೀರು ಕೊಟ್ಟವರು ಯಾರು?"

"ಇಡೀ ಬೀದಿ ಸಾರ್."

"ಹೆಸರು?"

"ಬರ್ಕೊಂಡಿಲ್ಲ ಸಾರ್."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ಕೊನೆಯ ಪುಟದ ಕೆಳಗೆ ಸಹಿ ಹಾಕಿದರು.