ಕೇಸರವಿಲ್ಲದ ಹೂವು

ನಮ್ಮ ಚಿತ್ರಶಾಲೆಯಲ್ಲಿ ಗಿಡದ ಹೆಸರು ಕೇಳುವ ಹಾಗಿಲ್ಲ. ಮೊದಲು ಚಿತ್ರ, ಆಮೇಲೆ ಹೆಸರು. ಹೆಸರು ಗೊತ್ತಾದರೆ ಕಣ್ಣು ಸೋಮಾರಿಯಾಗುತ್ತದೆ ಅನ್ನುವುದು ಶಾಲೆಯ ಯಜಮಾನತಿಯಾದ ನನ್ನ ದೊಡ್ಡಮ್ಮನ ವಾದ. ಸಸ್ಯಗಳ ಪುಸ್ತಕಕ್ಕೆ ನಾವು ಬರೆಯುವ ಚಿತ್ರ ಅವರಿಗೆ ಒಪ್ಪಿಗೆಯಾದರೆ ಮಾತ್ರ ಮೂಲೆಯಲ್ಲಿ ನಮ್ಮ ಸಹಿ. ತಂಗಿಯ ಮಗಳೆಂಬ ತಪ್ಪಿಗೆ ನನಗೆ ಎರಡು ಪಟ್ಟು ತಪಾಸಣೆ. ಆರು ವರ್ಷದಲ್ಲಿ ಒಂದು ಸಹಿಯೂ ದಕ್ಕಿರಲಿಲ್ಲ. ಪ್ರತಿ ಹಾಳೆಯೂ ಕೆಂಪು ಪೆನ್ಸಿಲಿನ ಒಂದೇ ಮಾತು ಹೊತ್ತು ವಾಪಸು ಬರುತ್ತಿತ್ತು: ‘ಮತ್ತೆ ನೋಡಿ ಬರಿ.’

ಆ ವಾರ ಬಂದ ಗಿಡದ ನೆತ್ತಿಯಲ್ಲಿ ಹಳದಿ ಹೂವಿತ್ತು. ಮುಟ್ಟಿದರೆ ಅಂಟು, ಮೂಸಿದರೆ ಸಿಹಿ. ಕಿಟಕಿ ತೆರೆದರೆ ಸಾಕು, ನೊಣಗಳು ಮುತ್ತುತ್ತಿದ್ದವು. ಮೂರು ದಿನ ಭೂತಗನ್ನಡಿ ಹಿಡಿದು ಕೂತು, ಎಸಳಿನ ಮೇಲಿನ ಕಿತ್ತಳೆ ಚುಕ್ಕೆಗಳನ್ನು ಒಂದೂ ಬಿಡದೆ ಬರೆದೆ.

ದೊಡ್ಡಮ್ಮ ಹಾಳೆ ಎತ್ತಿ ಹಿಡಿದರು. “ಕೇಸರ ಎಲ್ಲೇ?”

“ಇರ್ಲಿಲ್ಲ ದೊಡ್ಡಮ್ಮ.”

“ಕೇಸರ ಇಲ್ಲ, ಮೈತುಂಬ ಚುಕ್ಕೆ ಬೇರೆ. ಹೂವಿಗೇನು ಸಿಡುಬು ಬಂದಿತ್ತಾ?”

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಬೀರುವಿನಿಂದ ಹಳೇ ಸಂಪುಟ ತೆಗೆದು ಮುಂದಿಟ್ಟರು. ಅದೇ ಗಿಡ, ಮೂವತ್ತು ವರ್ಷದ ಹಿಂದೆ ಅವರೇ ಬರೆದದ್ದು. ಎಸಳು ಚೊಕ್ಕ, ನಡುವೆ ಐದು ಕೇಸರ, ಕೆಳಗೆ ಸಹಿ.

“ಇದನ್ನ ನೋಡ್ಕೊಂಡು ತಿದ್ದು, ಸಹಿ ಹಾಕು. ಸಂಜೆ ಅಚ್ಚಿಗೆ ಹೋಗ್ಬೇಕು.”

ಐದು ಕೇಸರ ಬರೆಯಲು ಐದು ನಿಮಿಷ ಸಾಕು. ಕುಂಚ ಎತ್ತಿದೆ, ಕೆಳಗಿಟ್ಟೆ. ಆ ಸಹಿಯ ಆಸೆಗೆ ಕಣ್ಣಲ್ಲಿ ನೀರೇ ಬಂತು. ಆದರೂ ಕಾಣದ್ದನ್ನು ಬರೆಯಲು ಕೈ ಬರಲಿಲ್ಲ. ಆ ಕೈಯನ್ನು ಹಾಗೆ ಪಳಗಿಸಿದವರೂ ಅವರೇ ತಾನೆ!

“ನಾನು ತಿದ್ದಲ್ಲ,” ಅಂದೆ.

ಅಷ್ಟರಲ್ಲಿ ಮಹಡಿಯಿಂದ ಬೂಷ್ಟು ಮೇಷ್ಟ್ರು ಚಹಾಕ್ಕೆ ಇಳಿದು ಬಂದರು. ಶಿಲೀಂಧ್ರಗಳನ್ನು ಓದುತ್ತ ಕೂದಲು ಉದುರಿಸಿಕೊಂಡವರು, ಅದಕ್ಕೇ ಆ ಹೆಸರು. ನನ್ನ ಹಾಳೆ ಕಂಡು ಲೋಟ ಕೆಳಗಿಟ್ಟರು.

“ಇದು ಹೂವೇ ಅಲ್ಲ ಕಣ್ರೀ, ಎಲೆ! ಶಿಲೀಂಧ್ರ ಒಳಗೆ ಸೇರ್ಕೊಂಡು ಗಿಡಕ್ಕೆ ಹೂ ಬಿಡೋದೇ ಮರೆಸಿದೆ. ತುದಿ ಎಲೆಗಳನ್ನ ಹಳದಿ ಮಾಡಿ, ಗುಂಪು ಕಟ್ಟಿ, ಸಿಹಿನೂ ಬಳಿದಿದೆ. ನೊಣ ಮೋಸಹೋಗಿ ಬಂದು ಇದರ ಸಂಸಾರ ಬೆಳೆಸತ್ತೆ. ಈ ಚುಕ್ಕೆಗಳೇ ಶಿಲೀಂಧ್ರದ ಮನೆ. ಯಾರಮ್ಮ ಇಷ್ಟು ಚೆನ್ನಾಗಿ ಬರೆದಿದ್ದು?”

ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಮ್ಮ ಹಳೇ ಸಂಪುಟವನ್ನೇ ನೋಡುತ್ತಿದ್ದರು.

“ಅವತ್ತೂ ಕೇಸರ ಇರ್ಲಿಲ್ಲ,” ಅಂದರು ಮೆಲ್ಲಗೆ. “ಹೂವಂದ್ಮೇಲೆ ಇರ್ಲೇಬೇಕು ಅಂತ ನಾನೇ ಇಟ್ಟೆ. ಚುಕ್ಕೆ ಕೊಳೆ ಅಂತ ಬಿಟ್ಟೆ.”

ಇದ್ದಕ್ಕಿದ್ದಂತೆ ದೊಡ್ಡಮ್ಮನಿಗೆ ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. “ಮೂವತ್ತು ವರ್ಷ, ಆ ನೊಣದ ಸಾಲಲ್ಲೇ ನಾನೂ ನಿಂತಿದ್ದೆ ನೋಡೇ!”

ಪೆನ್ನನ್ನು ನನ್ನ ಕಡೆ ತಳ್ಳಿದರು. ನಾನು ಸಹಿ ಹಾಕಿದೆ. ಖುಷಿಗೆ ಅಕ್ಷರ ಸೊಟ್ಟಗಾಯಿತು.

ದೊಡ್ಡಮ್ಮ ಕೆಂಪು ಪೆನ್ಸಿಲ್ ಕೈಗೆತ್ತಿಕೊಂಡರು. ಹಳೇ ಸಂಪುಟದಲ್ಲಿ ತಮ್ಮದೇ ಸಹಿಯ ಪಕ್ಕ ದುಂಡಗೆ ಬರೆದರು: ‘ಮತ್ತೆ ನೋಡಿ ಬರಿ.’