ಬಾವಿಯಲ್ಲಿ ಹಾಡುತ್ತಿದ್ದವನು

ಶವಪೆಟ್ಟಿಗೆಯ ಮುಚ್ಚಳ ಎತ್ತಹೊರಟ ಮೆಲಿಶಾಳ ಕೈಯನ್ನು, ಇಗರ್ಜಿಯ ಪರವಾಗಿ ಊರ ಹಿರಿತನ ನೋಡಿಕೊಳ್ಳುವ ಗುರ್ಕಾರ ಜೇಕಬ್ ಮೆಲ್ಲನೆ ಹಿಡಿದುಕೊಂಡರು.

“ಮುಚ್ಚಿಯೇ ಇರಲಿ ಮಾರಾಯ್ತಿ. ಮಕ್ಕಳೆಲ್ಲ ಇದ್ದಾರೆ, ಹೆದರ್ತಾರೆ.”

“ಮುಖ ನೋಡಿ ಆಶೀರ್ವಾದದ ನೀರು ಚಿಮುಕಿಸದೆ ಯಾರನ್ನಾದ್ರೂ ಕಳಿಸಿದ್ದುಂಟಾ? ನನ್ನ ಮಾಮನಿಗೆ ಮಾತ್ರ ಎಂತಕ್ಕೆ ಹೀಗೆ?”

ಮೆಲಿಶಾಳ ಮಾಮ ಸೆವರಿನನ ಮುಖದ ತುಂಬ ಎಳವೆಯಲ್ಲೇ ಗಂಟುಗಳೆದ್ದು ಒಂದು ಕಣ್ಣು ಮುಚ್ಚಿಹೋಗಿತ್ತು. ವರ್ಕಾಡಿ ಊರಿನವರಿಗೆ ಅವನು ಎರಡು ಕೆಲಸಕ್ಕೆ ಬೇಕಿದ್ದ: ಉಣ್ಣದ ಮಕ್ಕಳನ್ನು ಹೆದರಿಸಲಿಕ್ಕೆ, ಬಾವಿಗೆ ಬಿದ್ದ ಕೊಡಪಾನ ಎತ್ತಲಿಕ್ಕೆ. ಮೊದಲನೆಯದಕ್ಕೆ ಅವನ ಹೆಸರೇ ಸಾಕಾಗುತ್ತಿತ್ತು. ಕೊಡಪಾನ ಮೇಲೆ ಬಂದಮೇಲೆ, ಹೊಳೆ ದಾಟಿದವರಿಗೆ ಅಂಬಿಗನ ಹಂಗೇಕೆ?

ಅಷ್ಟರಲ್ಲಿ ಗೇಟಿನ ಬಳಿ ಗಲಾಟೆ ಕೇಳಿಸಿತು. ನೆರೆಮನೆಯ ಅಕ್ಕು ತನ್ನ ಮಗಳು ಕ್ಷಮಾಳ ದಾರಿಗೆ ಅಡ್ಡ ನಿಂತಿದ್ದಳು.

“ನಿಂಗೆ ತಲೆ ಸಮ ಇಲ್ವಾ? ಏಳು ತಿಂಗಳ ಬಸುರಿ ಹೆಣ ನೋಡ್ಲಿಕ್ಕುಂಟಾ? ಅದೂ ಅವನ ಮುಖ!”

*

ಇಪ್ಪತ್ತೆಂಟು ವರ್ಷದ ಹಿಂದೆ ಅಕ್ಕುವೂ ಹೀಗೆಯೇ ತುಂಬಿದ ಬಸುರಿ. ಗದ್ದೆಯ ಹುಣಿಯ ಕಿರುದಾರಿಯಲ್ಲಿ ಸೆವರಿನ್ ಎದುರಾದಾಗ ಕಿಟಾರನೆ ಕಿರುಚಿದ್ದಳು. ಹುಟ್ಟುವ ಮಗುವಿಗೂ ಅದೇ ಮುಖ ಬರುತ್ತದೆ ಎಂದು ಹಿರಿಯರು ತಲೆಯಾಡಿಸಿದರು. ಮರುದಿನದಿಂದ ಅವನು ಹೆಗಲ ಬೈರಾಸನ್ನು ಮುಖಕ್ಕೆ ಸುತ್ತಿಕೊಂಡೇ ಹೊರಗೆ ಬರತೊಡಗಿದ. ಯಾರೂ ಹೇಳಿರಲಿಲ್ಲ.

ಬಾವಿಗಿಳಿದಾಗ ಮಾತ್ರ ಅದನ್ನು ಬಿಚ್ಚುತ್ತಿದ್ದ. ಕೆಳಗೆ ಅವನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಅಲ್ಲಿ ಅವನು ಗಂಟಲು ಬಿಟ್ಟು ಹಾಡುತ್ತಿದ್ದ. ಮೇಲೆ ಹಗ್ಗ ಹಿಡಿದವರು ಕೆಲಸ ಮುಗಿದರೂ ಅವಸರ ಮಾಡುತ್ತಿರಲಿಲ್ಲ. ಅಷ್ಟು ಚಂದದ ಸ್ವರ.

ಆರು ವರ್ಷದ ಕ್ಷಮಾ ಬಾವಿಗೆ ಬಿದ್ದ ದಿನ ಅವನು ಬೈರಾಸು ಬಿಚ್ಚಲಿಕ್ಕೂ ನಿಲ್ಲದೆ ಹಾರಿದ. ಬೈರಾಸು ನೀರುಪಾಲಾಯಿತು. ಮಗು ಅವನ ಕೊರಳಿಗೆ ಜೋತುಬಿದ್ದು ಮೇಲೆ ಬಂತು. ಅಕ್ಕು ನೆಲ ನೋಡುತ್ತಲೇ ಕೈ ಚಾಚಿ ಮಗಳನ್ನು ತೆಗೆದುಕೊಂಡಳು.

“ಅಮ್ಮಾ, ಸೆವರಿನ್ ಮಾಮ ಒಳಗೆ ಪದ್ಯ ಹೇಳಿದ್ರು!” ಎಂದಿತು ಮಗು.

ಸೆವರಿನ್ ಗಟ್ಟಿಯಾಗಿ ನಕ್ಕುಬಿಟ್ಟ. ಅವತ್ತು ಬಂಗುಡೆ ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡನೆಂದು ಮೆಲಿಶಾಳ ತಾಯಿ ಕೊನೆಯವರೆಗೂ ಹೇಳುತ್ತಿದ್ದರು.

*

“ಅಮ್ಮ, ನಾನು ಹೊಟ್ಟೆಯಲ್ಲಿರುವಾಗ ನೀನೂ ಆ ಮುಖ ನೋಡಿದ್ದಲ್ವಾ?” ಕ್ಷಮಾ ಕೇಳಿದಳು. “ನನ್ನ ಮುಖಕ್ಕೆ ಎಂತ ಆಯ್ತು ಹೇಳು.”

ಅಕ್ಕು ಮಗಳ ಮುಖ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

ಕ್ಷಮಾ ಹೊಟ್ಟೆಯ ಮೇಲೊಂದು ಕೈಯಿಟ್ಟು ಅಂಗಳ ದಾಟಿ ಬಂದಳು. “ಮುಚ್ಚಳ ತೆಗೀರಿ ಗುರ್ಕಾರ್ರೇ. ಚಿಕ್ಕದಿರುವಾಗಲೇ ನಾನು ಹೆದರಲಿಲ್ಲ.”

ಜೇಕಬರೇ ಮುಚ್ಚಳ ಎತ್ತಿದರು. ಕ್ಷಮಾ ನೀರು ಚಿಮುಕಿಸಿದಳು, ಮೆಲಿಶಾ ಹಣೆಗೆ ಮುತ್ತಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಬಂದರು, ಮಕ್ಕಳೂ ಬಂದರು. ಯಾರೂ ಹೆದರಿದ ಹಾಗೆ ಕಾಣಲಿಲ್ಲ. ಮೆಲಿಶಾಳಿಗೆ ಅಳುವಿನ ನಡುವೆಯೇ ನೆಮ್ಮದಿಯಾಯಿತು.

ಸಾಲಿನ ಕೊನೆಯಲ್ಲಿ ಅಕ್ಕು ಇದ್ದಳು. ನೀರು ಚಿಮುಕಿಸಿದವಳು ಅಲ್ಲಿಂದ ಕದಲಲಿಲ್ಲ. ಮುಚ್ಚಿಹೋದ ಆ ಕಣ್ಣಿನ ಗುಳಿಯಲ್ಲಿ ಒಂದಿಷ್ಟು ನೀರು ನಿಂತಿತ್ತು. ಅಕ್ಕು ಬಾಗಿ, ಸೆರಗಿನ ತುದಿಯಿಂದ, ಮಿಂದ ಮಗುವಿನ ಮುಖ ಒರೆಸುವ ಹಾಗೆ ಒಂದೊಂದೇ ಗಂಟಿನ ಸಂದಿಯನ್ನು ಒರೆಸತೊಡಗಿದಳು.