ಉದ್ದ ತೋಳಿನ ಕೋಟು

"ಕೈ ಎತ್ತು," ಎಂದು ಅತ್ತೆ ಇನ್ನೊಂದು ಚೊಂಬು ನೀರನ್ನು ಸೊಸೆಯ ಹೆಗಲ ಮೇಲೆ ಸುರಿದಳು. "ಈಗ ಹೇಳು, ಒಳಗೆ ಬಂತಾ?"

ಬಚ್ಚಲಿನಲ್ಲಿ ಮಳೆ ಕೋಟು ತೊಟ್ಟು ನಿಂತಿದ್ದ ಸೊಸೆ, ತನ್ನ ಮೈಯನ್ನೇ ಆಲಿಸುವವಳಂತೆ ಕತ್ತು ಓರೆ ಮಾಡಿದಳು. "ಎಡಗಡೆ ತಣ್ಣಗಾಯ್ತು ಅತ್ತೆ. ಹೆಗಲ ಹೊಲಿಗೆ ಹತ್ರ."

"ನಂಗೊತ್ತಿತ್ತು. ಕಾರ್ಖಾನೆ ಹೊಲಿಗೆ. ದಾರ ಉಳಿಸೋಕೇ ಹುಟ್ಟಿದ ಜನ."

ಸೊಸೆ ನಕ್ಕಳು. ಕೈ ಇಳಿಸಿದಾಗ ಕೋಟಿನ ತೋಳುಗಳು ಬೆರಳುಗಳನ್ನು ನುಂಗಿ ಇನ್ನೂ ಒಂದು ಗೇಣು ಕೆಳಗೆ ಜೋತವು. ಅಂಚು ಪಾದ ಮುಟ್ಟುತ್ತಿತ್ತು. ಕೋಟು ಅವಳ ಗಂಡನದು. ಆರಡಿ ಆಳು, ವಿದ್ಯುತ್ ಕಂಬ ಹತ್ತುವ ಕೆಲಸದವನು. ಹೋದ ವರ್ಷ ಅವನು ಕಂಬದಿಂದ ಬಿದ್ದು ತೀರಿಹೋದ ದಿನ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಹಾಗಾಗಿ ಕೋಟು ಮನೆಯಲ್ಲೇ, ಬಾಗಿಲ ಹಿಂದಿನ ಗೂಟದಲ್ಲಿ ಉಳಿದುಕೊಂಡಿತ್ತು.

ಬೆಟ್ಟಗಳಾಚೆಯ ದೊಡ್ಡ ಗುಡಿಗೆ ನಡೆದು ಹೋಗಬೇಕೆಂಬುದು ಗಂಡ ಹೆಂಡತಿ ಮದುವೆಯಾದ ಹೊಸತರಲ್ಲಿ ಆಡಿಕೊಂಡ ಮಾತು. ಮಳೆಗಾಲದಲ್ಲಿ ತಂತಿ ಹರಿಯುತ್ತವೆ, ಅವನಿಗೆ ರಜೆ ಸಿಗದು. ಎಲೆ ಉದುರುವ ಕಾಲಕ್ಕೆ ಹೋದರಾಯಿತು ಎಂದು ವರ್ಷದಿಂದ ವರ್ಷಕ್ಕೆ ಮುಂದೂಡಿದ್ದರು. ಈಗ ಸೊಸೆ ಒಬ್ಬಳೇ, ಊರಿನ ಯಾತ್ರಿಕರ ಗುಂಪಿನ ಜೊತೆ ಹೊರಟಿದ್ದಳು. ಅತ್ತೆಯ ಮಂಡಿಗಳನ್ನು ಹೊಲಿಗೆ ಯಂತ್ರ ಎಂದೋ ತಿಂದು ಮುಗಿಸಿತ್ತು. "ನನ್ನ ಪಾಲಿನ ನಮಸ್ಕಾರಾನೂ ನೀನೇ ಹಾಕ್ಬಿಡು," ಎಂದಿದ್ದಳು.

"ಅತ್ತೆ, ಇದನ್ನ ಕತ್ತರಿಸಿ ನನ್ನಳತೆಗೆ ಮಾಡಿಕೊಡ್ತೀರಾ?"

"ಕತ್ತರಿ ಗಿತ್ತರಿ ಎಲ್ಲ ಬೇಡ. ತೋಳು ಒಳಗೆ ಮಡಚಿ ಕಚ್ಚಾ ಹೊಲಿಗೆ ಹಾಕ್ತೀನಿ. ನೀನು ಬಂದ ಮೇಲೆ ಬಿಚ್ಚಿದ್ರೆ ಮೊದಲಿನ ಹಾಗೇ ಆಗುತ್ತೆ."

ಸೊಸೆ ಕೋಟು ಕಳಚಿ ನೀರು ಝಾಡಿಸಿದಳು.

ಮರುದಿನ ಬೆಳಿಗ್ಗೆ ಅಂಚೆ ತಾತ ಬಂದ. ನಿವೃತ್ತನಾಗಿ ಎಷ್ಟೋ ವರ್ಷವಾಗಿದ್ದರೂ ಬೀದಿಗೆಲ್ಲ ಅವನು ಅಂಚೆ ತಾತನೇ. ಗುಡಿಯ ದಾರಿಯನ್ನು ಹಿಂದೆ ನಡೆದು ಬಂದವನು; ಅದೊಂದು ಮಾತು ಸಿಕ್ಕರೆ ಅವನಿಗೆ ಊಟ ಬೇಡ. ಕುರ್ಚಿಯಲ್ಲಿ ಕೂತವನೇ ಸೊಸೆಯ ಕಾಲುಚೀಲವನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ.

"ಇದು ಹತ್ತಿ. ಒದ್ದೆಯಾದ್ರೆ ಮುಗೀತು, ಮೂರು ದಿನ ಒಣಗಲ್ಲ. ಉಣ್ಣೇದು ತಗೋ. ಬೆಳಿಗ್ಗೆ ಮಂಜು, ಮಧ್ಯಾಹ್ನ ಸುಡೋ ಬಿಸಿಲು, ಸಂಜೆ ಮಳೆ. ಈ ಕಾಲಾನೇ ಹಾಗೆ, ನೆಂಟರ ಮನೆ ಮಗು ಇದ್ದ ಹಾಗೆ, ಯಾವಾಗ ಅಳುತ್ತೆ ಯಾವಾಗ ನಗುತ್ತೆ ಹೇಳೋಕಾಗಲ್ಲ. ದಪ್ಪಂದು ಒಂದು ಹಾಕೋ ಬದಲು ತೆಳ್ಳಂದು ಎರಡು ಹಾಕ್ಕೋ. ಸೆಕೆಯಾದ್ರೆ ಒಂದು ಕಳಚು."

"ಇಳಿಜಾರಲ್ಲಿ ಜಾರುತ್ತಂತೆ ಹೌದಾ ತಾತ?"

"ಮಳೆಗಲ್ಲ, ಎಲೆಗೆ. ಒದ್ದೆ ಎಲೆ ಅಂದ್ರೆ ಬೆಣ್ಣೆ ಸವರಿದ ಹಾಗೆ. ಅದಕ್ಕೇ ಹೇಳೋದು, ಆ ಕೋಟಿನ ಅಂಚು ಕಾಲಿಗೆ ಸಿಕ್ಕಬಾರದು." ಅವನು ಅತ್ತೆಯ ಕಡೆ ತಿರುಗಿದ. "ಹೊಲಿಗೆಯಮ್ಮ, ಮಡಚಿ ಹೊಲಿದ್ರೆ ಮಡಿಕೆಯಲ್ಲಿ ನೀರು ನಿಲ್ಲುತ್ತೆ. ಕತ್ತರಿಸಿಬಿಡು."

"ಅದು ನನ್ನ ಕೆಲಸ, ನಾನು ನೋಡ್ಕೋತೀನಿ. ನೀನು ದಾರಿ ಹೇಳು ಸಾಕು," ಎಂದಳು ಅತ್ತೆ.

ತಾತ ಹೊರಡುವಾಗ ಗೋಡೆಗೆ ಒರಗಿಸಿದ್ದ ಬೆನ್ನ ಚೀಲವನ್ನು ಎತ್ತಲು ಹೋಗಿ ನಡು ಹಿಡಿದುಕೊಂಡ. "ಅಯ್ಯೋ ಇವಳ! ಏನು ಮಗಳೇ, ಸಂಸಾರಾನೇ ಹೊತ್ಕೊಂಡು ಹೊರಟಿದ್ದೀಯಾ? ಅರ್ಧ ಇಳಿಸು."

ಸೊಸೆ ನಗಲಿಲ್ಲ. ಬೇಕರಿಯ ಕೆಲಸಕ್ಕೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಚೀಲವನ್ನು ಮುಂದೆ ಎಳೆದುಕೊಂಡು ಕೂತಳು. ಒಳಗೆ ನೀರಿಳಿಯದಂತೆ ಪ್ಲಾಸ್ಟಿಕ್ ಹಾಳೆಯ ಒಳಪದರ ಹೊಲಿದು ಕೂರಿಸಬೇಕು. ಹಾಗೆಯೇ ಬೇಡದ್ದನ್ನು ತೆಗೆದು ಭಾರವನ್ನೂ ಇಳಿಸಬಹುದು. ಒಂದೊಂದೇ ಹೊರತೆಗೆದಳು. ಉಣ್ಣೆಯ ಟೋಪಿ, ತಾನೇ ಹೆಣೆದದ್ದು. ಸ್ವೆಟರ್. ಕಾಲಿಗೆ ಹಚ್ಚಲು ಮುಲಾಮು. ಟಾರ್ಚು. ಅದರ ಕೆಳಗೆ ಒಂದು ಬಟ್ಟೆಯ ಗಂಟು.

ಬಿಚ್ಚಿದಳು. ತೆಳು ಹತ್ತಿಯ ಅಂಗಿಗಳು. ಬೇಸಿಗೆಗೆಂದು ತಾನೇ ಹೊಲಿದುಕೊಟ್ಟವು, ತೋಳಿಲ್ಲದವು. ಅವುಗಳಡಿ ಮದುವೆಗಳಿಗೆ ಹೋಗುವಾಗ ಮಾತ್ರ ಮೆಟ್ಟುವ ಚಪ್ಪಲಿ. ಎಲ್ಲಕ್ಕಿಂತ ಕೆಳಗೆ ಬೇಕರಿಯಲ್ಲಿ ಕಟ್ಟಿಕೊಳ್ಳುವ ಏಪ್ರನ್, ಒಗೆದು ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಮಾಡಿದ್ದು.

ಹುಚ್ಚು ಹುಡುಗಿ, ಈ ಚಳಿಗೆ ಇದೆಲ್ಲ ಯಾಕೆ ಎಂದು ಬದಿಗಿಡಲು ಹೋದವಳ ಕೈ ಅಲ್ಲೇ ನಿಂತಿತು. ಬೇಸಿಗೆ ಬರಲು ಇನ್ನೂ ಎಷ್ಟೋ ತಿಂಗಳಿತ್ತು. ದೇವರ ಮುಂದೆ ಏಪ್ರನ್ ಕಟ್ಟಿಕೊಂಡು ಯಾರೂ ನಿಲ್ಲುವುದಿಲ್ಲ.

ಅತ್ತೆಗೆ ಒಂದೊಂದೇ ನೆನಪಾಯಿತು. ನೀನು ಬಂದ ಮೇಲೆ ಗೋಡೆಗೆ ಸುಣ್ಣ ಹೊಡೆಸೋಣ ಅಂತ ತಾನು ಅಂದಿದ್ದಳು. ನೀನು ಬಂದ ಮೇಲೆ ಹಾಸಿಗೆಯ ಹತ್ತಿ ಬದಲಿಸೋಣ ಅಂದಿದ್ದಳು. ಒಂದು ಸಲವೂ ಸೊಸೆ ಹೂಂ ಅಂದಿರಲಿಲ್ಲ. ಪ್ರತಿ ಸಲವೂ ಅವಳಿಗೆ ಏನೋ ಒಂದು ಕೆಲಸ ಇರುತ್ತಿತ್ತು, ಒಲೆಯ ಮೇಲೆ ಏನೋ ಉಕ್ಕುತ್ತಿರುತ್ತಿತ್ತು.

ಸಂಜೆ ಸೊಸೆ ಬ್ರೆಡ್ಡಿನ ವಾಸನೆಯ ಜೊತೆ ಒಳಗೆ ಬಂದಾಗ ಗಂಟು ಹೊಲಿಗೆ ಮೇಜಿನ ಮೇಲಿತ್ತು. ಅವಳು ಅದನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಬಾಗಿಲ ಚಿಲಕ ಹಾಕಲು ತಿರುಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಳು.

"ಚಳೀಲಿ ನಡೆಯೋಕೆ ಹೋಗೋಳಿಗೆ ಇವೆಲ್ಲ ಯಾಕಮ್ಮ?" ಅತ್ತೆಯ ದನಿ ಏರಲಿಲ್ಲ.

"ಗುಡಿ ಇರೋ ಊರಲ್ಲಿ ನಮ್ಮ ಚಿಕ್ಕಮ್ಮ ಇದ್ದಾರಲ್ಲ ಅತ್ತೆ. ಅಲ್ಲೊಂದು ಬೇಕರೀಲಿ ಕೆಲಸ ಇದೆ ಅಂದ್ರು. ಬರ್ತೀನಿ ಅಂತ ಹೇಳಿದ್ದೀನಿ."

"ಯಾವಾಗ ಹೇಳ್ಬೇಕು ಅಂತಿದ್ದೆ ನಂಗೆ? ಅಲ್ಲಿ ಹೋದ್ಮೇಲಾ?"

"ದಿನಾ ಬೆಳಿಗ್ಗೆ ಹೇಳ್ತೀನಿ ಅಂದ್ಕೊಂಡೇ ಏಳ್ತಿದ್ದೆ."

"ಏನು ಕಡಿಮೆ ಮಾಡಿದ್ದೆ ನಿಂಗೆ? ಒಂದು ದಿನ ಒಂದು ಮಾತು ಅಂದಿದ್ದೀನಾ?"

"ಇಲ್ಲ ಅತ್ತೆ." ಸೊಸೆ ನೆಲದ ಮೇಲೆ, ಯಂತ್ರದ ಪಕ್ಕದಲ್ಲಿ ಕುಸಿದು ಕೂತಳು. "ಅಂದಿದ್ರೆ ಸುಲಭ ಆಗ್ತಿತ್ತು. ಸಂಜೆ ಹೊರಗೆ ಯಾರದ್ದಾದ್ರೂ ಸೈಕಲ್ ನಿಂತ ಸದ್ದಾದ್ರೆ ನಾವಿಬ್ರೂ ಒಟ್ಟಿಗೇ ತಲೆ ಎತ್ತುತ್ತೀವಿ. ಆಮೇಲೆ ಒಬ್ಬರ ಮುಖ ಒಬ್ಬರು ನೋಡ್ತೀವಿ. ನಿಮ್ಮ ಗಲ್ಲ ಅವರದ್ದೇ ಅತ್ತೆ. ನೀವು ಊಟಕ್ಕೆ ಕರೆಯೋ ದನೀನೂ. ಒಂದು ವರ್ಷದಿಂದ ನಾವಿಬ್ರೂ ಬಾಗಿಲು ಕಾಯ್ತಾ ಇದ್ದೀವಿ. ನನಗಿನ್ನು ಆಗ್ತಿಲ್ಲ."

ಅತ್ತೆಯ ನೋವಿಗೆ ಮೊದಲು ಸಿಕ್ಕ ಮಾತು ಕೆಟ್ಟ ಮಾತೇ. "ಹಾಗಿದ್ರೆ ದೇವರ ಹೆಸರು ಯಾಕೆ ನಡುವೆ? ಬಿಟ್ಟು ಹೋಗೋಳು ಬಸ್ಸು ಹತ್ತಿ ಹೋಗು. ಸಂಜೆಯೊಳಗೆ ಅಲ್ಲಿರ್ತೀಯ."

"ಬಸ್ಸಲ್ಲಾದ್ರೆ ಒಂದೇ ದಿನ," ಎಂದಳು ಸೊಸೆ. "ಒಂದೇ ದಿನದಲ್ಲಿ ನಿಮ್ಮನ್ನ ಬಿಟ್ಟು ಹೋಗೋಕೆ ನನ್ನಿಂದ ಆಗಲ್ಲ ಅತ್ತೆ."

ಅಂದು ಇಬ್ಬರೂ ಅನ್ನವನ್ನು ತಟ್ಟೆಯಲ್ಲಿ ಕಲಸಿದರು, ತಿನ್ನಲಿಲ್ಲ. ಹಾಸಿಗೆ ಹಾಸಿ, ದೀಪ ಆರಿಸಿ, ಪರಸ್ಪರ ಬೆನ್ನು ಮಾಡಿ ಮಲಗಿದರು.

ಮರುದಿನ ಸೊಸೆ ಎದ್ದಾಗ ಅತ್ತೆ ಆಗಲೇ ಮೇಜಿನ ಮೇಲೆ ಕೋಟು ಹರವಿಕೊಂಡು ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು.

"ಬಾ ಇಲ್ಲಿ. ನೆಟ್ಟಗೆ ನಿಲ್ಲು."

"ನನ್ನಳತೆ ನಿಮಗೆ ಗೊತ್ತಲ್ಲ ಅತ್ತೆ."

"ಇಳಿದುಹೋಗಿದ್ದೀಯ. ಹಳೇ ಅಳತೆ ಆಗಲ್ಲ." ಹೆಗಲಿನಿಂದ ಮಣಿಕಟ್ಟಿನವರೆಗೆ, ಕತ್ತಿನಿಂದ ಮೊಣಕಾಲಿನವರೆಗೆ ಟೇಪು ಹಿಡಿದಳು. ಎದೆಯ ಸುತ್ತಳತೆಗೆ ಕೈ ಬಳಸಿದಾಗ ಅವಳ ತಲೆ ಸೊಸೆಯ ಭುಜಕ್ಕೆ ತಾಗಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಇಬ್ಬರೂ ಅಲುಗಲಿಲ್ಲ.

"ಒಳಗೆ ಸ್ವೆಟರ್ ಹಾಕ್ಕೋತೀಯಲ್ಲ, ಅದಕ್ಕೆ ಎರಡು ಬೆರಳು ಸಡಿಲ ಬಿಡ್ತೀನಿ," ಎಂದು ಅತ್ತೆ ಕೊನೆಗೆ ದೂರ ಸರಿದಳು.

ಸೀಮೆಸುಣ್ಣದ ಗೆರೆ ಎಳೆದಳು. ಕತ್ತರಿಯ ಬಾಯಿಗೆ ತೋಳಿನ ಅಂಚನ್ನು ಕೊಟ್ಟು ಕಣ್ಣು ಮುಚ್ಚಿದಳು. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ; ಕಣ್ಣು ಮುಚ್ಚಿದರೂ ಗೆರೆ ತಪ್ಪಲಿಲ್ಲ. ದಪ್ಪ ಬಟ್ಟೆ ಕರಕರ ಎನ್ನುತ್ತ ಬೇರ್ಪಟ್ಟಿತು. ಆಮೇಲೆ ಕಣ್ಣು ತೆರೆದು ಇನ್ನೊಂದು ತೋಳು, ಅಂಚು, ಪಕ್ಕ, ಎಲ್ಲವನ್ನೂ ಕತ್ತರಿಸಿದಳು. ಎಲ್ಲೂ ಕಚ್ಚಾ ಹೊಲಿಗೆ ಹಾಕಲಿಲ್ಲ. ಬಿಚ್ಚಲು ಬಾರದ ಜೋಡಿ ಹೊಲಿಗೆಯನ್ನೇ ಓಡಿಸಿದಳು. ನೀರಿಳಿಯದಂತೆ ಹೊಲಿಗೆಯುದ್ದಕ್ಕೂ ಮೇಣದ ಬತ್ತಿ ತಿಕ್ಕಿ, ಬಟ್ಟೆ ಮುಚ್ಚಿ, ಬಿಸಿ ಇಸ್ತ್ರಿ ಆಡಿಸಿ ಕರಗಿಸಿದಳು. ಮನೆಯೆಲ್ಲ ಮೇಣದ ವಾಸನೆ ತುಂಬಿತು. ಸೊಸೆ ಪಕ್ಕದಲ್ಲೇ ಕೂತು, ಕೇಳಿದಾಗ ಕೇಳಿದಾಗ ದಾರ ಪೋಣಿಸಿಕೊಟ್ಟಳು.

ಗಂಟನ್ನು ಅತ್ತೆಯೇ ಮತ್ತೆ ಕಟ್ಟಿ ಚೀಲದ ತಳದಲ್ಲಿಟ್ಟಳು. "ಏಪ್ರನ್ ಅಂಚು ಬಿಟ್ಟಿತ್ತು. ಹೊಲಿದಿದ್ದೀನಿ," ಎಂದಷ್ಟೇ ಹೇಳಿದಳು.

ಹೊರಡುವ ದಿನ ಬೆಳಗಾದರೂ ಬೆಳಕಿರಲಿಲ್ಲ. ಮಂಜು ಬೀದಿಯೊಳಗೆ ಇಳಿದು ಕೂತಿತ್ತು. ಸೇತುವೆಯ ಹತ್ತಿರ ಗುಂಪು ಸೇರಿ, ಜನ ಕಾಲು ಕುಟ್ಟುತ್ತ, ಅಂಗೈಗೆ ಉಸಿರು ಊದಿಕೊಳ್ಳುತ್ತ ನಿಂತಿದ್ದರು. ಅಂಚೆ ತಾತ ಒಬ್ಬೊಬ್ಬರ ಬೂಟಿನ ದಾರವನ್ನೂ ಬಗ್ಗಿ ನೋಡಿ ಬೈಯುತ್ತಿದ್ದ.

"ಒದ್ದೆ ಕಾಲಲ್ಲಿ ಮಲಗಬೇಡ," ಎಂದಳು ಅತ್ತೆ.

"ಇಲ್ಲ."

"ಚಿಕ್ಕಮ್ಮನ ಮನೆ ಮುಟ್ಟಿದ ತಕ್ಷಣ ಫೋನ್ ಮಾಡು."

"ದಾರೀಲೇ ಮಾಡ್ತೀನಿ ಅತ್ತೆ. ದಿನಾ ಮಾಡ್ತೀನಿ."

"ದಿನಾ ಬೇಡ," ಎಂದಳು ಅತ್ತೆ, ಕೋಟಿನ ಮೇಲಿನ ಗುಂಡಿ ಹಾಕುತ್ತ. "ದಿನಾ ಮಾಡಿದ್ರೆ ಮತ್ತೆ ಕಾಯೋದು ರೂಢಿಯಾಗುತ್ತೆ."

ಸೊಸೆ ಬಗ್ಗಿ ಕಾಲು ಮುಟ್ಟಲು ಹೋದಳು. ಚೀಲದ ಭಾರ ಬಿಡಲಿಲ್ಲ. ಅತ್ತೆ ಅವಳ ಎರಡೂ ತೋಳು ಹಿಡಿದು ಎತ್ತಿ, ಗುಂಪಿನ ಕಡೆಗೆ ತಿರುಗಿಸಿ ಮೆಲ್ಲಗೆ ನೂಕಿದಳು.

ಹಿಂದಿನಿಂದ ನೋಡಿದರೆ ಮಗನೇ ನಡೆದು ಹೋದಂತೆ ಕಂಡೀತು ಎಂಬ ಹೆದರಿಕೆ ಅವಳಿಗಿತ್ತು. ಕಾಣಲಿಲ್ಲ. ಕಂಡದ್ದು ಮೈಗೆ ಸರಿಯಾಗಿ ಕೂತ ಕೋಟು ತೊಟ್ಟ ಒಬ್ಬ ಹೆಣ್ಣುಮಗಳು; ಸೇತುವೆಯ ಏರಿನಲ್ಲಿ ಪಕ್ಕದವಳ ಜೊತೆ ಹೆಜ್ಜೆ ಕೂಡಿಸಿಕೊಳ್ಳುತ್ತಿದ್ದಳು. ನಡುಸೇತುವೆ ಮುಟ್ಟುವ ಮುಂಚೆಯೇ ಮಂಜು ಅವಳ ಬಣ್ಣ ತೆಗೆದುಕೊಂಡಿತು, ಆಮೇಲೆ ಆಕಾರವನ್ನೂ.

ಬೀಳ್ಕೊಡಲು ಬಂದವರು ಒಬ್ಬೊಬ್ಬರೇ ಮನೆಗೆ ಹೋದರು. ಬೀದಿ ಗುಡಿಸುವವನು ಉದ್ದ ಪೊರಕೆ ಹಿಡಿದು, ರಾತ್ರಿ ಬಿದ್ದ ಒದ್ದೆ ಎಲೆಗಳನ್ನು ರಸ್ತೆಯ ಬದಿಗೆ ತಳ್ಳುತ್ತ ಆ ಕಡೆಯಿಂದ ಬಂದ. ಅತ್ತೆಯ ಹತ್ತಿರ ಬಂದು, ಸರಿಯುತ್ತಾಳೇನೋ ಎಂದು ಒಂದು ಕ್ಷಣ ಕಾದ. ಅವಳು ಸೇತುವೆಯನ್ನೇ ನೋಡುತ್ತಿದ್ದಳು. ಅವನು ಅವಳ ಪಾದಗಳ ಸುತ್ತ ಗುಡಿಸಿಕೊಂಡು ಮುಂದೆ ಹೋದ. ಉದ್ದಕ್ಕೂ ರಸ್ತೆ ಕಪ್ಪಗೆ, ಚೊಕ್ಕಟವಾಗಿ ಹೊಳೆಯಿತು. ಅವಳು ನಿಂತಲ್ಲಿ ಮಾತ್ರ ಒಂದು ಹಿಡಿ ಎಲೆ ಉಳಿದಿತ್ತು.